ಕ್ರಿಸ್ಟೋಫರ್ಸನ್ ಸುದ್ದಿ ಬಂದ ಮರುದಿನ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗುವ ದಂಪತಿಗಳಲ್ಲಿ ನಿಜವಾದ ಕೆಲಸವಿರುವುದು ಹೆಂಡತಿಗೆ ಮಾತ್ರ. ಎಣ್ಣೆನೀರು, ಬೆಳ್ಳುಳ್ಳಿ ಸಾರು, ಮಗುವಿಗೆ ಸಾಂಬ್ರಾಣಿ ಹೊಗೆ (ಅದರ ದೆಸೆಯಿಂದ ಛಾವಣಿಯ ಅಲಾರಂ ಕೂಗಿಕೊಂಡು ಅಕ್ಕಪಕ್ಕದವರು ಹೊರಗೆ ಬಂದು ನಿಂತದ್ದೂ ಉಂಟು) ಎಲ್ಲವೂ ಅವಳ ಸುಪರ್ದಿ. ಗಂಡನೆನಿಸಿಕೊಂಡವನು ಸೋಫಾದ ಮೂಲೆ ಹಿಡಿದು, ಯಾರ ಕಾಲಿಗೂ ತೊಡರದಂತೆ ಇದ್ದರೆ ಅದೇ ದೊಡ್ಡ ಉಪಕಾರ. ನ್ಯಾಶ್‌ವಿಲ್‌ನಲ್ಲಿ ನಾನು ಹಾಗೆ ಕುಳಿತಿದ್ದಾಗ, 2024ರ ಸೆಪ್ಟೆಂಬರ್ 29ರ ಭಾನುವಾರ, ಮೊಬೈಲಿನಲ್ಲಿ ಸುದ್ದಿ ಬಂತು. ಅಮೆರಿಕದ ಹಾಡುಗಾರ, ನಟ ಕ್ರಿಸ್ ಕ್ರಿಸ್ಟೋಫರ್ಸನ್ ಹಿಂದಿನ ದಿನ ಹವಾಯಿಯ ಮೌಯಿ ದ್ವೀಪದ ಮನೆಯಲ್ಲಿ ತೀರಿಕೊಂಡಿದ್ದ. ವಯಸ್ಸು 88. ಭಾನುವಾರದ ಬೆಳಗಿನ ಒಂಟಿತನವನ್ನು ಕುರಿತು ಅಂಥ ಹಾಡು ಬರೆದವನ ಸಾವಿನ ಸುದ್ದಿ ಭಾನುವಾರವೇ ಬರಬೇಕೇ?

ಅಳಿಯನಿಗೆ ಹೇಳಿದೆ. ಅವರು ಫೋನಿನಲ್ಲಿ ಫೋಟೋ ನೋಡಿ, "ಅಯ್ಯೋ, ಬ್ಲೇಡ್ ಸಿನಿಮಾದಲ್ಲಿ ಕುಂಟುತ್ತಾ ಬಂದು ಆಯುಧ ಮಾಡಿಕೊಡುವ ಮುದುಕ ಇವರೇ ಅಲ್ಲವೇ ಮಾವ?" ಎಂದರು. ಅವರೇ. ಒಂದು ತಲೆಮಾರಿಗೆ ರಕ್ತಪಿಶಾಚಿಗಳನ್ನು ಬೇಟೆಯಾಡುವ ವಿಸ್ಲರ್, ಅದಕ್ಕೆ ಹಿಂದಿನವರಿಗೆ ಬಾರ್ಬರಾ ಸ್ಟ್ರೈಸೆಂಡ್ ಜೊತೆ ನಟಿಸಿದ ಗಡ್ಡದ ಚೆಲುವ. ನನ್ನ ಮಟ್ಟಿಗೆ ಆತ ಒಂದು ಕ್ಯಾಸೆಟ್. ನಾನು ತಾಲ್ಲೂಕು ಕೇಂದ್ರವೊಂದರ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಕಾಲದಲ್ಲಿ ಸಹೋದ್ಯೋಗಿಯೊಬ್ಬರು ಕೊಟ್ಟಿದ್ದು. "ಇವನು ಆಕ್ಸ್‌ಫರ್ಡಿನಲ್ಲಿ ಬ್ಲೇಕ್ ಓದಿದವನು ಕಣ್ರೀ" ಎಂಬ ಶಿಫಾರಸಿನೊಂದಿಗೆ. ಬಿ.ಎ. ಮಕ್ಕಳಿಗೆ ವರ್ಷ ವರ್ಷವೂ ಇಂಗ್ಲಿಷ್ ಕವಿ ಬ್ಲೇಕ್‌ನ 'ಹುಲಿ' ಪದ್ಯವನ್ನು ಬಿಡಿಸಿ ಹೇಳುತ್ತಿದ್ದ ನನಗೆ ಅಷ್ಟು ಸಾಕಾಗಿತ್ತು.

ಅಳಿಯ ಮಗುವಿನ ನೆಪದಲ್ಲಿ ರಜೆಯಲ್ಲಿದ್ದರು. ಸೋಮವಾರ ಬೆಳಗ್ಗೆ ಮನೆಯ ಹೆಂಗಸರು ನಮ್ಮಿಬ್ಬರನ್ನೂ ಸಂತೋಷದಿಂದಲೇ ಹೊರಗೆ ಕಳಿಸಿದರು.

ಮೊದಲು ಹೋದದ್ದು ಕಂಟ್ರಿ ಎಂಬ ಅಮೆರಿಕದ ಹಳ್ಳಿಗಾಡಿನ ಸಂಗೀತದ ದಿಗ್ಗಜರ ಮ್ಯೂಸಿಯಂ ಕಂಟ್ರಿ ಮ್ಯೂಸಿಕ್ ಹಾಲ್ ಆಫ್ ಫೇಮ್‌ಗೆ. ಕಟ್ಟಡದ ಕಿಟಕಿಗಳನ್ನು ಪಿಯಾನೋದ ಮನೆಗಳ ಹಾಗೆ ಜೋಡಿಸಿದ್ದಾರೆ. ಒಳಗೆ ಎಲ್ವಿಸ್ ಪ್ರೀಸ್ಲಿಯ ಚಿನ್ನದ ಬಣ್ಣದ ಕ್ಯಾಡಿಲ್ಯಾಕ್ ಕಾರು; ಅದರ ಮುಂದೆ ಅಳಿಯನಿಂದ ನನ್ನದೊಂದು ಫೋಟೋ ಆಯಿತು. ಕೊನೆಯಲ್ಲಿ ಸಿಗುವುದು ದುಂಡನೆಯ ಎತ್ತರದ ಸಭಾಂಗಣ. ಅದರ ಗೋಡೆಯ ಸುತ್ತ ಸದಸ್ಯರ ಕಂಚಿನ ಫಲಕಗಳಿವೆ. ಹಿರಿಯರು ಕಿರಿಯರು ಎಂಬ ಕ್ರಮವಿಲ್ಲ, ಎಲ್ಲರೂ ಸಮಾನರು ಎಂದು ಬೇಕೆಂದೇ ಕಲಸಿ ಇಟ್ಟಿದ್ದಾರೆ. ಹಾಗಾಗಿ 2004ರಲ್ಲಿ ಸೇರಿದ ಕ್ರಿಸ್ಟೋಫರ್ಸನ್‌ನನ್ನು ಹುಡುಕಿ ತೆಗೆಯಬೇಕಾಯಿತು. ಸಿಕ್ಕಾಗ ಅಲ್ಲಿ ಆಗಲೇ ಸಣ್ಣ ಗುಂಪು ಸೇರಿತ್ತು. ಅಗಲ ಅಂಚಿನ ಟೋಪಿ ತೊಟ್ಟ ತಾತನೊಬ್ಬ ಮೊಮ್ಮಗನಿಗೆ ಹೆಲಿಕಾಪ್ಟರ್ ಕಥೆ ಹೇಳುತ್ತಿದ್ದ.

ಈ ಕಥೆ ಗೊತ್ತಿಲ್ಲದವರು ನ್ಯಾಶ್‌ವಿಲ್‌ನಲ್ಲಿ ಇರಲಾರರು. ಕಂಟ್ರಿ ಗಾಯಕ ಜಾನಿ ಕ್ಯಾಶ್‌ಗೆ ಹಾಡು ಕೇಳಿಸಲು ದಾರಿ ಕಾಣದೆ ಕ್ರಿಸ್ಟೋಫರ್ಸನ್ ಹೆಂಡರ್ಸನ್‌ವಿಲ್‌ನ ಸರೋವರದ ದಂಡೆಯ ಮೇಲಿದ್ದ ಕ್ಯಾಶ್‌ನ ಮನೆಯ ಹುಲ್ಲುಹಾಸಿನ ಮೇಲೆ ಹೆಲಿಕಾಪ್ಟರ್ ಇಳಿಸಿಬಿಟ್ಟ. ಕ್ಯಾಶ್ ಹೇಳುತ್ತಿದ್ದ ಪ್ರಕಾರ ಒಂದು ಕೈಯಲ್ಲಿ ಬಿಯರ್, ಇನ್ನೊಂದು ಕೈಯಲ್ಲಿ ಟೇಪು. ಇಳಿದದ್ದು ನಿಜ. ಆದರೆ ಬಿಯರ್ ಇರಲಿಲ್ಲ, ಕ್ಯಾಶ್ ಆಗ ಮನೆಯಲ್ಲೇ ಇರಲಿಲ್ಲ, ಹೆಲಿಕಾಪ್ಟರ್ ಹಾರಿಸಲು ಎರಡು ಕೈಯೂ ಬೇಕು ಎಂದು ಕ್ರಿಸ್ಟೋಫರ್ಸನ್ ನಗುತ್ತಲೇ ತಿದ್ದುತ್ತಿದ್ದ. ತಿದ್ದಿದ್ದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ತಾತನ ಮಾತಿನಲ್ಲೂ ಬಿಯರ್ ಇದ್ದೇ ಇತ್ತು. ಪುರಾಣ ಹಾಗೆಯೇ ಬೆಳೆಯಲಿ, ನನ್ನ ತಕರಾರಿಲ್ಲ. ಆದರೆ ಆ ಒಂದು ಕಥೆಯ ಸದ್ದಿನಲ್ಲಿ ಅದರ ಹಿಂದಿನ ವರ್ಷಗಳು ಕೇಳಿಸದೆ ಹೋಗುತ್ತವೆ.

ಟೆಕ್ಸಾಸ್‌ನ ಗಡಿ ಊರು ಬ್ರೌನ್ಸ್‌ವಿಲ್‌ನಲ್ಲಿ 1936ರಲ್ಲಿ ಹುಟ್ಟಿದವನು. ತಂದೆ ವಾಯುಪಡೆಯಲ್ಲಿ ಮೇಜರ್ ಜನರಲ್ ಆದವರು. ಮಗ ಕ್ಯಾಲಿಫೋರ್ನಿಯಾದ ಪೊಮೋನಾ ಕಾಲೇಜಿನಲ್ಲಿ ಸಾಹಿತ್ಯ ಓದಿದ, ಬಾಕ್ಸಿಂಗ್ ಆಡಿದ, ಅಟ್ಲಾಂಟಿಕ್ ಪತ್ರಿಕೆಯ ಕಥಾಸ್ಪರ್ಧೆಯಲ್ಲಿ ಬಹುಮಾನ ಗೆದ್ದ. ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿನ ಮರ್ಟನ್ ಕಾಲೇಜು ಸೇರಿದ. ಆಮೇಲೆ ಸೈನ್ಯ, ರೇಂಜರ್ ತರಬೇತಿ, ಜರ್ಮನಿಯಲ್ಲಿ ಹೆಲಿಕಾಪ್ಟರ್ ಪೈಲಟ್ ಕೆಲಸ, ಕ್ಯಾಪ್ಟನ್ ಹುದ್ದೆ. 1965ರಲ್ಲಿ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸುವ ಕೆಲಸ ಕೈಗೆ ಬಂದಿತ್ತು. ನಮ್ಮ ಕಡೆಯಾಗಿದ್ದರೆ ಓಣಿಗೆಲ್ಲ ಪೇಡ ಹಂಚುತ್ತಿದ್ದರು. ಆತ ರಾಜೀನಾಮೆ ಕೊಟ್ಟು, ಹೆಂಡತಿ ಮಗುವಿನೊಂದಿಗೆ ನ್ಯಾಶ್‌ವಿಲ್‌ಗೆ ಬಂದು ಕೊಲಂಬಿಯಾ ರೆಕಾರ್ಡಿಂಗ್ ಸ್ಟುಡಿಯೋದಲ್ಲಿ ನೆಲ ಗುಡಿಸುವ ಕೆಲಸಕ್ಕೆ ಸೇರಿಕೊಂಡ.

ಇದಕ್ಕೆ ತಾಯಿ ಬರೆದ ಕಾಗದ ಪ್ರಸಿದ್ಧ. ಹದಿನಾಲ್ಕು ವರ್ಷ ದಾಟಿದ ಯಾರೂ ಕಂಟ್ರಿ ಸಂಗೀತವನ್ನು ಕೇಳುವುದಿಲ್ಲ, ಕೇಳಿದರೂ ಅಂಥವರ ಪರಿಚಯ ನಮಗೆ ಬೇಕಿಲ್ಲ ಎಂಬ ಧಾಟಿಯದು. ಮಗನನ್ನೇ ಬೇಡವೆಂದು ಕಳೆದುಕೊಂಡ ಕಾಗದ. ಫಲಕದ ಮುಂದೆ ನಿಂತು ಇದನ್ನು ಅಳಿಯನಿಗೆ ಹೇಳಿದಾಗ ಅವರ ಮುಖ ಸಣ್ಣದಾಯಿತು. ಅವರು ಇಂಜಿನಿಯರಿಂಗ್ ಓದುವಾಗ ಗಿಟಾರ್ ಕಲಿತವರು. ಇಲ್ಲಿನ ಕನ್ನಡ ಸಂಘದವರ ರಾಜ್ಯೋತ್ಸವದಲ್ಲಿ ಭಾವಗೀತೆಗಳಿಗೆ ಜೊತೆ ನುಡಿಸುತ್ತಾರೆ. "ತಾಯಿಯಾದವರು ಹಾಗೆ ಬರೆಯಬಾರದಿತ್ತು" ಎಂದರು. ನಾನೂ ಹೌದೆಂದೆ.

ಅಲ್ಲಿಂದ ಕಾರಿನಲ್ಲಿ ಹದಿನಾರನೇ ಅವೆನ್ಯೂಗೆ ಹೋದೆವು. ಸಂಗೀತ ಕಂಪನಿಗಳ ಬೀದಿ ಮ್ಯೂಸಿಕ್ ರೋ ಎನ್ನುವುದು ಇದನ್ನೇ. ಹೆಸರು ಕೇಳಿ ಏನೇನೋ ಕಲ್ಪಿಸಿಕೊಂಡು ಹೋದರೆ ಸಿಗುವುದು ಮರಗಳ ನೆರಳಿನ ಬೀದಿ, ಹಳೆಯ ಮನೆಗಳಲ್ಲಿ ಕಚೇರಿಗಳು. ಹಳೆಯ ಕೊಲಂಬಿಯಾ ಕಟ್ಟಡವೂ ಹೊರಗಿನಿಂದ ವಿಮಾ ಕಚೇರಿಯಂತೆ ಕಾಣುತ್ತದೆ. ಒಳಗೆ ಹುದುಗಿರುವುದು ಕ್ವಾನ್ಸೆಟ್ ಹಟ್, ಎಂದರೆ ಅರ್ಧ ಸೀಳಿದ ಪೀಪಾಯಿಯನ್ನು ಕವುಚಿ ಹಾಕಿದ ಆಕಾರದ ತಗಡಿನ ಶೆಡ್ಡು. 1950ರ ದಶಕದಲ್ಲಿ ಓವನ್ ಬ್ರಾಡ್ಲಿ ಅದನ್ನು ಹಾಕಿಸಿ ಸ್ಟುಡಿಯೋ ಮಾಡಿದ. ಆಮೇಲೆ ಕೊಲಂಬಿಯಾ ಕಂಪನಿ ಕೊಂಡಿತು. 1966ರ ಫೆಬ್ರವರಿ, ಮಾರ್ಚ್ ತಿಂಗಳಲ್ಲಿ ಗಾಯಕ ಬಾಬ್ ಡಿಲನ್ ಈ ಆವರಣದಲ್ಲೇ 'ಬ್ಲಾಂಡ್ ಆನ್ ಬ್ಲಾಂಡ್' ಆಲ್ಬಂ ಧ್ವನಿಮುದ್ರಿಸಿಕೊಂಡಾಗ ಆಶ್‌ಟ್ರೇ ಬರಿದು ಮಾಡುತ್ತಾ, ಕಸ ಎತ್ತುತ್ತಾ ಓಡಾಡಿದವನು ನಮ್ಮ ರೋಡ್ಸ್ ವಿದ್ವಾಂಸ. ಡಿಲನ್‌ನನ್ನು ಮಾತನಾಡಿಸುವ ಧೈರ್ಯ ಮಾಡಲಿಲ್ಲ. ಬಂದ ಗಾಯಕರಿಗೆ ಹಾಡು ಕೊಡಲು ಹೋದರೆ ಕೆಲಸ ಹೋಗುತ್ತಿತ್ತು. ಏಳು ವರ್ಷಗಳ ನಂತರ ಮೆಕ್ಸಿಕೋದ ದುರಾಂಗೋದಲ್ಲಿ ಚಿತ್ರೀಕರಿಸಿದ ನಿರ್ದೇಶಕ ಪೆಕಿನ್‌ಪಾನ ಸಿನಿಮಾದಲ್ಲಿ ಕ್ರಿಸ್ಟೋಫರ್ಸನ್ ಕುಖ್ಯಾತ ದರೋಡೆಕೋರ ಬಿಲ್ಲಿ ದ ಕಿಡ್, ಅದೇ ಡಿಲನ್ ಅವನ ಬೆನ್ನಿಗೆ ಸುತ್ತುವ ಸಣ್ಣ ಪಾತ್ರಧಾರಿ. ಇದನ್ನು ಕೇಳಿ ಅಳಿಯ ಸ್ಟೀರಿಂಗ್ ತಟ್ಟಿ ನಕ್ಕರು.

ನಗುವಂಥದ್ದೇ. ಆದರೆ ನಡುವಿನ ಕಾಲ ಸುಲಭದ್ದಲ್ಲ. ಮಗನ ಆಸ್ಪತ್ರೆ ಖರ್ಚು ಬೆಳೆಯಿತು. ಮದುವೆ ಮುರಿಯಿತು. ದುಡ್ಡಿಗಾಗಿ ಲೂಸಿಯಾನಾಕ್ಕೆ ಹೋಗಿ, ಗಲ್ಫ್ ಆಫ್ ಮೆಕ್ಸಿಕೋದ ತೈಲ ಬಾವಿಗಳಿಗೆ ಕೆಲಸಗಾರರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಿದ. ಒಂದು ವಾರ ಅಲ್ಲಿ, ಒಂದು ವಾರ ಇಲ್ಲಿ ಹಾಡು ಹೊತ್ತು ಬಾಗಿಲು ತಟ್ಟುವುದು. ಸಮುದ್ರದ ನಡುವಿನ ಆ ಕಬ್ಬಿಣದ ಅಟ್ಟಣಿಗೆಗಳ ಮೇಲೆ ಕುಳಿತೇ 'ಹೆಲ್ಪ್ ಮೀ ಮೇಕ್ ಇಟ್ ಥ್ರೂ ದ ನೈಟ್' ಬರೆದ. 'ಮೀ ಅಂಡ್ ಬಾಬಿ ಮೆಗೀ' ಹುಟ್ಟಿದ್ದೂ ಅದೇ ದಿನಗಳ ಅಲೆದಾಟದಲ್ಲಿ. ಅದನ್ನು ಗಾಯಕಿ ಜಾನಿಸ್ ಜಾಪ್ಲಿನ್ ಹಾಡಿದ್ದು ಆತನಿಗೆ ತಿಳಿದದ್ದು ಆಕೆ 1970ರ ಅಕ್ಟೋಬರಿನಲ್ಲಿ ಸತ್ತ ಮೇಲೆ. ಮರುವರ್ಷ ಹಾಡು ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿತು.

ಪೊರಕೆ ಹಿಡಿದದ್ದರಿಂದ ಕವಿಯಾದ ಎಂದು ಹೇಳುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ಪೊರಕೆ ಹಿಡಿದವರು ಲೋಕದಲ್ಲಿ ಕೋಟಿ ಜನ. ನನ್ನ ಲೆಕ್ಕದಲ್ಲಿ ಆತ ಓದಿದ್ದನ್ನೆಲ್ಲ ಹಾಡಿನಲ್ಲಿ ತೋರಿಸಿಕೊಳ್ಳದೆ ಬಿಟ್ಟದ್ದೇ ದೊಡ್ಡ ಸಾಧನೆ. ಬ್ಲೇಕ್‌ನನ್ನು ಅರೆದು ಕುಡಿದವನು ಒಂದೆರಡು ಭಾರಿ ಪದಗಳನ್ನು ಎಸೆಯಬಹುದಿತ್ತು. ಬದಲಿಗೆ ಕೊಳೆಯಾದ ಅಂಗಿಗಳಲ್ಲಿ ಕಡಿಮೆ ಕೊಳೆಯದನ್ನು ಆರಿಸಿ ತೊಡುವವನನ್ನು, ಬೀದಿಯಲ್ಲಿ ಯಾರದೋ ಮನೆಯ ಕೋಳಿ ಕರಿದ ವಾಸನೆಗೆ ನಿಂತುಬಿಡುವವನನ್ನು ಬರೆದ. ತರಗತಿಯಲ್ಲಿ ನಾನು ಬ್ಲೇಕ್‌ನ ಬಗ್ಗೆ ಹೇಳಿದ್ದೂ ಇದನ್ನೇ, ಮಗುವಿನ ಮಾತಿನಲ್ಲಿ ಬರೆಯುವುದೇ ಕಷ್ಟ ಎಂದು. ಮಕ್ಕಳು ಟಿಪ್ಪಣಿ ಬರೆದುಕೊಂಡರು, ಪರೀಕ್ಷೆಯಲ್ಲೂ ಬರೆದರು.

ಮಧ್ಯಾಹ್ನ ಊಟ ಮುಗಿಸಿ ರೈಮನ್ ಸಭಾಂಗಣಕ್ಕೆ ಬಂದೆವು. 1892ರಲ್ಲಿ ಧರ್ಮಪ್ರವಚನಕ್ಕೆಂದು ಕಟ್ಟಿದ ಮಂದಿರ. 1943ರಿಂದ 1974ರವರೆಗೆ ಗ್ರಾಂಡ್ ಓಲ್ ಓಪ್ರಿ ಎಂಬ ರೇಡಿಯೋ ಸಂಗೀತ ಕಾರ್ಯಕ್ರಮ ನಡೆದದ್ದು ಇಲ್ಲಿ. ಚರ್ಚಿನ ಬಾಗಿದ ಮರದ ಬೆಂಚುಗಳೇ ಇವತ್ತಿಗೂ ಆಸನ. ಸಾವಿರಾರು ಜನ ಕೂತು ಎದ್ದು ಅಂಚುಗಳು ನುಣುಪಾಗಿವೆ, ಬೆನ್ನಿಗೆ ಮಾತ್ರ ಯಾವ ದಯೆಯೂ ಇಲ್ಲ. ನಾನು ಮೇಲಿನ ಬಾಲ್ಕನಿಗೆ ಹತ್ತಿ ಕುಳಿತೆ. ಅಳಿಯ ಕೆಳಗೆ ವೇದಿಕೆಯ ಹತ್ತಿರ ನಿಂತು ಕೈ ಬೀಸಿದರು.

ಜಾನಿ ಕ್ಯಾಶ್‌ನ ದೂರದರ್ಶನ ಕಾರ್ಯಕ್ರಮದ ಚಿತ್ರೀಕರಣ ನಡೆಯುತ್ತಿದ್ದುದು ಈ ವೇದಿಕೆಯ ಮೇಲೆ. 'ಸಂಡೇ ಮಾರ್ನಿಂಗ್ ಕಮಿಂಗ್ ಡೌನ್' ಹಾಡುವ ಮೊದಲು ವಾಹಿನಿಯವರು ಒಂದು ಪದ ಬದಲಿಸಿ ಎಂದರು. ಭಾನುವಾರ ಬೆಳಗ್ಗೆ ನಿರೂಪಕನು ದೇವರೇ, ಅಮಲಿನಲ್ಲಿ ಇದ್ದಿದ್ದರೆ ಚೆನ್ನಿತ್ತು ಎಂದು ಹಂಬಲಿಸುತ್ತಾನೆ. ಅಮಲು ಬೇಡ, ಮನೆಯಲ್ಲಿ ಇದ್ದಿದ್ದರೆ ಎಂದು ಮಾಡಿಕೊಳ್ಳಿ ಎಂಬ ಸಲಹೆ. ಕ್ರಿಸ್ಟೋಫರ್ಸನ್ ಅಂದು ಸಭೆಯಲ್ಲಿದ್ದ. ಕ್ಯಾಶ್ ಒಂದಕ್ಷರ ಬದಲಿಸದೆ ಹಾಡಿದ. ಆ ಹಾಡಿಗೆ 1970ರಲ್ಲಿ ಕಂಟ್ರಿ ಮ್ಯೂಸಿಕ್ ಅಸೋಸಿಯೇಷನ್ ವರ್ಷದ ಹಾಡು ಪ್ರಶಸ್ತಿ ಕೊಟ್ಟಿತು.

ಆತನ ಸ್ವಂತ ದನಿಯ ಬಗ್ಗೆ ಹೆಚ್ಚು ಹೇಳುವುದು ಬೇಡ. ತನ್ನದು ಕಪ್ಪೆಯ ದನಿ ಎಂದು ಆತನೇ ಹೇಳಿಕೊಂಡಿದ್ದ. ಸಂವಹನ ಮಾಡಬಲ್ಲ ಕಪ್ಪೆ ಎಂದು ಸಮಾಧಾನಪಡಿಸಿ ಹಾಡಿಸಿದವನು ಮಾನ್ಯುಮೆಂಟ್ ಕಂಪನಿಯ ಫ್ರೆಡ್ ಫಾಸ್ಟರ್. ನಟನೆಯೂ ಹೀಗೆಯೇ. ನಟಿಸಿದ ಎನ್ನುವುದಕ್ಕಿಂತ ಕ್ಯಾಮೆರಾದ ಮುಂದೆ ಸುಳ್ಳು ಹೇಳದೆ ನಿಂತ ಎನ್ನಬೇಕು. 1974ರಲ್ಲಿ ಸ್ಕಾರ್ಸೆಸಿಯ ಚಿತ್ರದಲ್ಲಿ ಮೆದು ಮಾತಿನ ರೈತನಾಗಿ ಅದು ಒಪ್ಪಿತು. 1976ರ 'ಎ ಸ್ಟಾರ್ ಈಸ್ ಬಾರ್ನ್' ಆತನಿಗೆ ಗೋಲ್ಡನ್ ಗ್ಲೋಬ್ ತಂದಿತು. ಕುಡಿದು ಹಾಳಾಗಿ ಸಾಯುವ ಗಾಯಕನ ಪಾತ್ರ. ತನ್ನ ಹೆಣದ ಮುಂದೆ ಅಳುವವರನ್ನು ತೆರೆಯ ಮೇಲೆ ಕಂಡು ತಾನು ಕುಡಿತ ಬಿಟ್ಟೆ ಎಂದು ಮುಂದೆ ಹೇಳಿದ್ದಾನೆ. 1980ರ 'ಹೆವನ್ಸ್ ಗೇಟ್'ಗೆ 4 ಕೋಟಿ ಡಾಲರಿಗೂ ಹೆಚ್ಚು ಸುರಿದು, ಚಿತ್ರ ಸೋತು, ಯುನೈಟೆಡ್ ಆರ್ಟಿಸ್ಟ್ಸ್ ಸಂಸ್ಥೆಯೇ ಕೈ ಬದಲಾಗುವಂತಾಯಿತು. ಅದರ ನಾಯಕನೂ ಮಂಕಾದ. ಆಮೇಲಿನದರಲ್ಲಿ ನಾನು ಮೆಚ್ಚುವುದು 1996ರ 'ಲೋನ್ ಸ್ಟಾರ್' ಒಂದನ್ನು. ಟೆಕ್ಸಾಸ್ ಗಡಿಯ ಊರಿನ ಲಂಚಕೋರ, ಕೊಲೆಗಡುಕ ಷೆರಿಫ್. ಗಡಿ ಊರಿನಲ್ಲೇ ಹುಟ್ಟಿದವನಿಗೆ ಅಂಥ ಮನುಷ್ಯರ ನಡಿಗೆ, ನಗು ಎರಡೂ ಗೊತ್ತಿತ್ತು. ಆ ನಗು ನೋಡಿದರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಬಾಲ್ಕನಿಯಲ್ಲಿ ಕುಳಿತಿದ್ದಾಗ ನೆನಪಾದದ್ದು ಮಾತ್ರ ಬೇರೆ ಊರಿನ ವೇದಿಕೆ. 1992ರ ಅಕ್ಟೋಬರ್ 16, ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್, ಡಿಲನ್ ಗೌರವಾರ್ಥ ಸಂಗೀತ ಸಂಜೆ. ಕೆಲವೇ ದಿನಗಳ ಹಿಂದೆ ಟಿವಿಯಲ್ಲಿ ಪೋಪರ ಚಿತ್ರ ಹರಿದಿದ್ದ ಐರಿಷ್ ಗಾಯಕಿ ಶಿನೇಡ್ ಓ'ಕಾನರ್ ವೇದಿಕೆಗೆ ಬಂದಾಗ ಜನ ಅಬ್ಬರಿಸಿ ಧಿಕ್ಕರಿಸಿದರು. ಆಕೆಯನ್ನು ಒಳಗೆ ಕರೆದುಕೊಂಡು ಬಾ ಎಂದು ಕ್ರಿಸ್ಟೋಫರ್ಸನ್‌ಗೆ ಹೇಳಿ ಕಳಿಸಿದರು. ಆತ ಹೋಗಿ, ಹೆಗಲ ಮೇಲೆ ಕೈ ಹಾಕಿ, ಈ ನೀಚರಿಗೆ ಕುಗ್ಗಬೇಡ ಎಂದು ಕಿವಿಯಲ್ಲಿ ಹೇಳಿದ. ಕರೆತರಲಿಲ್ಲ. ಎಷ್ಟು ಪ್ರಶಸ್ತಿ ಬಂದರೂ ನನ್ನ ಲೆಕ್ಕದಲ್ಲಿ ಆ ಅರ್ಧ ನಿಮಿಷಕ್ಕೆ ಸಮನಲ್ಲ.

ಕೊನೆಯ ವರ್ಷಗಳಲ್ಲಿ ನೆನಪು ಕೈಕೊಟ್ಟಿತು. ಆಲ್‌ಝೈಮರ್ ಎಂದರು, 2016ರಲ್ಲಿ ಅದು ಉಣ್ಣೆ ಕಚ್ಚಿ ಬರುವ ಲೈಮ್ ರೋಗ ಎಂದು ತಿಳಿದು ಚಿಕಿತ್ಸೆಯಾಯಿತು, ಸ್ವಲ್ಪ ಚೇತರಿಸಿಕೊಂಡ. 2023ರ ಏಪ್ರಿಲಿನಲ್ಲಿ ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್‌ನ 90ನೇ ಹುಟ್ಟುಹಬ್ಬಕ್ಕೆ ಬಂದು, ಕ್ಯಾಶ್‌ನ ಮಗಳು ರೋಸಾನ್ ಜೊತೆ ತನ್ನ ಹಳೆಯ ಪ್ರೇಮಗೀತೆಯನ್ನು ಹಾಡಿದ.

ಸಂಜೆ ಬ್ರಾಡ್‌ವೇ ಬೀದಿಯಲ್ಲಿ ಪ್ರತಿ ಬಾರಿನ ಕಿಟಕಿಯಿಂದಲೂ ಒಂದೊಂದು ಹಾಡು ಬೀದಿಗೆ ಬೀಳುತ್ತಿತ್ತು. ಅಪ್ಪನ ಮಾತು ಕೇಳದೆ ಬಂದ ಹುಡುಗ ಹುಡುಗಿಯರು, ಮುಂದೆ ಟಿಪ್ಸ್ ಬಕೆಟ್ಟು. ಅಳಿಯ ಒಂದು ಬಾಗಿಲಲ್ಲಿ ಬಹಳ ಹೊತ್ತು ನಿಂತು, ಗಿಟಾರ್ ನುಡಿಸುವವನ ಎಡಗೈ ಬೆರಳುಗಳನ್ನೇ ನೋಡುತ್ತಿದ್ದರು. ಕಾರು ಹತ್ತಿದ ಮೇಲೆ, ರಸ್ತೆಯ ಕಡೆ ದೃಷ್ಟಿ ಇಟ್ಟುಕೊಂಡೇ ಕೇಳಿದರು: "ಮಾವ, ಸುಮ್ಮನೆ ಕೇಳುತ್ತೇನೆ. ನಾನು ಈಗ ಕೆಲಸ ಬಿಟ್ಟು ಗಿಟಾರ್ ಹಿಡಿಯುತ್ತೇನೆ ಎಂದರೆ ಏನನ್ನುತ್ತೀರಿ?"

"ಮೊದಲು ಗ್ರೀನ್ ಕಾರ್ಡ್ ಕೈಗೆ ಬರಲಿ" ಎಂದೆ.

"ನೀವು ಅವರ ತಾಯಿಯ ಕಡೆಯವರೇ ಬಿಡಿ ಮಾವ" ಎಂದು ಗೇರ್ ಹಾಕಿದರು.