ಎರಡನೇ ಗೇರಿನ ಹಾಡು

ಮೊನ್ನೆ ಕುಮಟಾದಿಂದ ಶಿರಸಿಗೆ ಹೋಗುವುದಿತ್ತು. ಬಸ್ಸು ತಪ್ಪಿತು. ಚಿರೇಕಲ್ಲು ತುಂಬಿಕೊಂಡು ಹೊರಟಿದ್ದ ಗೆಳೆಯನ ಲಾರಿ ಸಿಕ್ಕಿತು, ಹತ್ತಿ ಕೂತೆ. ದೇವಿಮನೆ ಘಟ್ಟ, ಮಳೆ, ಮೇಲೆ ಲೋಡ್ ಗಾಡಿ. ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಆ ದಾರಿ ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಘಟ್ಟ ಹತ್ತುವ ಮೊದಲೇ ನೆಟ್‌ವರ್ಕ್ ಹೋಯಿತು. ನನ್ನ ಫೋನಿನಲ್ಲಿ ಇಳಿಸಿಕೊಂಡದ್ದು ಒಂದೇ ಆಲ್ಬಂ. ಅದನ್ನೇ ಹಾಕಿದೆ.

ಮಡ್ ಮಾರ್ಗನ್‌ಫೀಲ್ಡ್ ಹಾಡಿದ 'ಸನ್ ಆಫ್ ದ ಸೆವೆಂತ್ ಸನ್' ಅದು. 2012ರದ್ದು. ಅಪ್ಪಟ ಶಿಕಾಗೋ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಹಾಡುಗಾರಿಕೆ.

ಎರಡು ಸಾಲು ಮುಗಿಯುವುದರೊಳಗೆ ಗೆಳೆಯ ಕೇಳಿದ, "ಯಾರೋ ಮಾರಾಯ ಇವ? ಬೆಳಗಿನ ಜಾವದ ಯಕ್ಷಗಾನ ಭಾಗವತನ ಹಾಗೆ ಇದ್ದಾನಲ್ಲ."

ಇವನ ಅಪ್ಪ ಮಡ್ಡಿ ವಾಟರ್ಸ್ ಅಂದೆ. ಹೆಸರು ಅವನಿಗೆ ಗೊತ್ತಿಲ್ಲ, ಗೊತ್ತಿರಬೇಕಂತಲೂ ಇಲ್ಲ. ಮಿಸಿಸಿಪ್ಪಿಯ ಹತ್ತಿ ತೋಟದಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದ ಆಳು. 1941ರಲ್ಲಿ ಜಾನಪದ ಸಂಗ್ರಹಕ್ಕೆ ಅಂತ ಬಂದವರು ಅವನ ಹಾಡು ಮುದ್ರಿಸಿಕೊಂಡರು. ಎರಡು ವರ್ಷಕ್ಕೆ ಅವನು ಶಿಕಾಗೋ ರೈಲು ಹತ್ತಿದ. ಅಲ್ಲೂ ಹಗಲು ಟ್ರಕ್ ಓಡಿಸುವುದು, ರಾತ್ರಿ ಹಾಡುವುದು. ಬಾರಿನ ಗದ್ದಲದಲ್ಲಿ ಬರೀ ಮರದ ಗಿಟಾರ್ ಯಾರಿಗೂ ಕೇಳುವುದಿಲ್ಲ ಅಂತ ಕರೆಂಟಿನ ಗಿಟಾರ್ ಹಿಡಿದ. ಮುಂದೆ ಬಂದ ರಾಕ್ ಸಂಗೀತ ಅರ್ಧಕ್ಕರ್ಧ ಅವನ ಮನೆಯಿಂದಲೇ ಸಾಲ ತಂದದ್ದು. ರೋಲಿಂಗ್ ಸ್ಟೋನ್ಸ್ ಅನ್ನುವ ರಾಕ್ ತಂಡದ ಹೆಸರೂ ಅವನ 1950ರ ಹಾಡಿನದ್ದೇ.

"ಹಾಗಾದರೆ ಮಗ?" ಅಂದ ಗೆಳೆಯ. "ಮಗನೂ ಟ್ರಕ್ ಡ್ರೈವರ್" ಅಂದೆ. ಇಷ್ಟು ಹೇಳಿದ್ದೇ ತಡ, ವಾಲ್ಯೂಮ್ ಜಾಸ್ತಿ ಮಾಡು ಅಂದ.

ನಿಜವಾಗಿಯೂ ಹೌದು. ಮಡ್ 1954ರಲ್ಲಿ ಶಿಕಾಗೋದಲ್ಲೇ ಹುಟ್ಟಿದವನು, ಆದರೆ ಬೆಳೆಸಿದ್ದು ತಾಯಿ. ಅಪ್ಪ ಹೆಚ್ಚಾಗಿ ಬೇರೆ ಕಡೆ. 1983ರಲ್ಲಿ ಅಪ್ಪ ತೀರಿಕೊಂಡು ಎಷ್ಟೋ ವರ್ಷ ಆದಮೇಲೆ, ತನಗೇ ಐವತ್ತು ದಾಟಿದ ಮೇಲೆ ಇವನು ವೇದಿಕೆ ಹತ್ತಿದ್ದು. ಇವನ ತಮ್ಮ ಬಿಗ್ ಬಿಲ್‌ ಕಥೆಯೂ ಹೆಚ್ಚು ಕಡಿಮೆ ಹೀಗೇ. ಅವನು ಶಾಲೆಯ ಮಾಸ್ತರ, ಅಪ್ಪ ಹೋದಮೇಲೆ ಗಿಟಾರ್ ಕಲಿತು 1999ರಲ್ಲಿ ಆಲ್ಬಂ ತಂದ.

ನಮ್ಮ ಕಡೆ ಕಲಾವಿದರ ಮಕ್ಕಳು ಅಂದರೆ ನೆನಪಾಗುವುದು ಕೆರೆಮನೆ. ಶಿವರಾಮ ಹೆಗಡೆಯವರು 1934ರಲ್ಲಿ ಯಕ್ಷಗಾನ ಮೇಳ ಕಟ್ಟಿದರು, ಆಮೇಲೆ ಶಂಭು ಹೆಗಡೆ, ಈಗ ಶಿವಾನಂದ ಹೆಗಡೆ. ಅಲ್ಲಿ ಮನೆ ಬೇರೆ, ಮೇಳ ಬೇರೆ ಅಲ್ಲ. ಮಡ್‌ಗೆ ಅದೇನೂ ಸಿಗಲಿಲ್ಲ. ಗಂಟಲೊಂದು ಬಂತು, ಅಷ್ಟೇ. ಆದರೆ ಎಂಥಾ ಗಂಟಲು! ಬ್ಲೂಸ್‌ನಲ್ಲಿ ಒಂದು ಸ್ವರ ಕೋಮಲ ಗಾಂಧಾರಕ್ಕೂ ಶುದ್ಧ ಗಾಂಧಾರಕ್ಕೂ ಮಧ್ಯೆ ಎಲ್ಲೋ ಕೂತಿರುತ್ತದೆ. ಹಾರ್ಮೋನಿಯಂನಲ್ಲಿ ಅದಕ್ಕೆ ಮನೆಯೇ ಇಲ್ಲ. ಮಡ್ಡಿ ಅದನ್ನು ಹಿಡಿಯುತ್ತಿದ್ದದ್ದು ಬೆರಳಿಗೆ ಸಿಕ್ಕಿಸಿಕೊಂಡ ಸ್ಲೈಡ್ ಅನ್ನುವ ಸಣ್ಣ ಕೊಳವೆಯನ್ನು ತಂತಿಯ ಮೇಲೆ ಜಾರಿಸಿ, ಇಲ್ಲಾ ಗಂಟಲಲ್ಲಿ. ಮಗನೂ ಅದೇ ಜಾಗಕ್ಕೇ ಹೋಗಿ ನಿಲ್ಲುತ್ತಾನೆ.

ಇದು ಅವನಿಗೆ ವರವೂ ಹೌದು, ತೊಂದರೆಯೂ ಹೌದು. ಅಪ್ಪನ ಹಳೆಯ 'ಯೂ ಕಾಂಟ್ ಲೂಸ್...' ಹಾಡನ್ನು ಇಲ್ಲಿ ಹಾಡಿದ್ದಾನೆ. ಚೆನ್ನಾಗಿದೆ, ಆದರೆ ಅದನ್ನು ಕೇಳುವಾಗ ನನಗೆ ಸುಮ್ನೆ ಅಪ್ಪನದ್ದನ್ನೇ ಹಾಕಿಬಿಡೋಣ ಅನ್ನಿಸಿತು. ತನ್ನದೇ ಸಾಲುಗಳನ್ನು ಹಾಡುವಾಗ ಹಾಗೆ ಅನ್ನಿಸುವುದಿಲ್ಲ. ಅಂದಹಾಗೆ ಆಲ್ಬಂ ಹೆಸರಿನ ಏಳನೇ ಮಗ ಹಳೆಯ ಜನಪದ ನಂಬಿಕೆಯಿಂದ ಬಂದವನು, ಏಳನೆಯವನಿಗೆ ಏನೋ ಶಕ್ತಿ ಇರುತ್ತದಂತೆ. ನಮ್ಮಲ್ಲಾದರೆ ಎಂಟನೆಯವನಿಗೆ ಬೆಲೆ. ದೇವಕಿಯನ್ನು ಕೇಳಿ.

ಗೆಳೆಯನಿಗೆ ಹಿಡಿಸಿದ್ದು ಮಾತ್ರ ಡ್ರಮ್. "ಇದು ಎರಡನೇ ಗೇರಿನ ಹಾಡು ಮಾರಾಯ. ಅವಸರ ಇಲ್ಲ, ನಿಲ್ಲುವುದೂ ಇಲ್ಲ." ಡ್ರಮ್ ಬಾರಿಸಿದವನು ಕೆನಿ ಸ್ಮಿತ್. ಅವನ ಅಪ್ಪ ವಿಲ್ಲಿ ಸ್ಮಿತ್ ವರ್ಷಗಟ್ಟಲೆ ಮಡ್ಡಿಯ ಹಿಂದೆ ಕೂತು ಡ್ರಮ್ ಬಾರಿಸಿದವನು. ಅಂದರೆ ಮುಂದೆ ಅವನ ಮಗ, ಹಿಂದೆ ಇವನ ಮಗ. ಈ ಆಲ್ಬಂನಲ್ಲಿ ನನಗೆ ಅತಿ ಇಷ್ಟದ ಸಂಗತಿ ಇದೇ. ದನಿ ರಕ್ತದಲ್ಲಿ ಪುಕ್ಕಟೆ ಬಂದೀತು, ತಾಳ ಹಾಗಲ್ಲ.

ಇದನ್ನು ನಾನು ಅನುಭವದಿಂದ ಹೇಳುತ್ತಿದ್ದೇನೆ. ನಮ್ಮ ಅಪ್ಪಯ್ಯ ಊರ ಸುತ್ತಲಿನ ಆಟಗಳಲ್ಲಿ ಭಾಗವತಿಕೆ ಮಾಡುತ್ತಿದ್ದರು. ನನಗೆ ಅವರದ್ದೇ ದನಿ, ಫೋನಿನಲ್ಲಿ ಹಲೋ ಅಂದರೆ ಹಳಬರು ಈಗಲೂ ಒಂದು ಕ್ಷಣ ಬೆಚ್ಚುತ್ತಾರೆ. ಮದುವೆ ಮನೆಯಲ್ಲಿ ಊಟ ಮುಗಿದರೆ ಸಾಕು, ಯಾರಾದರೂ "ಮಾಣಿ, ಒಂದು ಪದ್ಯ ಹೇಳು" ಅನ್ನುತ್ತಾರೆ. ಹೇಳುತ್ತೇನೆ. ಮೊದಲ ಸಾಲಿಗೆ ಎಲ್ಲರ ಮುಖ ಅರಳುತ್ತದೆ, ಮೂರನೇ ಸಾಲಿಗೆ ನಾನು ಎಲ್ಲೋ, ಮದ್ದಳೆ ಎಲ್ಲೋ. ಅಪ್ಪಯ್ಯ ಸಂಜೆ ಜಾಗಟೆ ಹಿಡಿದು ಕೂತಾಗ ನಾನು ಕ್ರಿಕೆಟ್ಟಿಗೆ ಓಡಿದ್ದೆ. ಮಡ್‌ಗಾದರೆ ಓಡುವುದಕ್ಕೂ ಎದುರಿಗೆ ಅಪ್ಪ ಕೂತಿರಲಿಲ್ಲ.

ಘಟ್ಟ ಹತ್ತಿದ ಮೇಲೆ ಚಾ ಕುಡಿಯಲು ನಿಲ್ಲಿಸಿದೆವು. ಗೆಳೆಯ ಪೆನ್‌ಡ್ರೈವ್ ಕೊಟ್ಟು ಹಾಕಿಸಿಕೊಡು ಅಂದ. ಮರುದಿನ ಹಾಕಿಸಿಕೊಟ್ಟೆ. ಈಗ ಅದು ಹಳೇ ಸಿನಿಮಾ ಹಾಡುಗಳ ಮಧ್ಯೆ ಇದೆ. ಹೆಸರು ಹೇಳಲು ಅವನಿಗೆ ನಾಲಿಗೆ ತಿರುಗುವುದಿಲ್ಲ, ಡ್ರೈವರನ ಹಾಡು ಅನ್ನುತ್ತಾನೆ. ಇಳಿಯುವಾಗ ಹಾಕುವುದಿಲ್ಲವಂತೆ, ಹತ್ತುವಾಗ ಮಾತ್ರ.