ರಸ್ತೆಯ ಗೆರೆ, ಕಿಬ್ಲಾದ ಗೆರೆ

ಹಳೆಯ ಮಸೀದಿಯೊಂದನ್ನು ದುರಸ್ತಿ ಮಾಡಿ, ಅದಕ್ಕೆ ಅಂಟಿದಂತೆ ಹೊಸ ನಮಾಜ್ ಹಾಲ್ ಸೇರಿಸುವ ಕೆಲಸ ಕೈಗೆ ಬಂದಾಗ ನಾನು ಮೊದಲು ಬರೆದದ್ದು ಮುಂಭಾಗದ ಜಾಲಿಯನ್ನು, ಅಂದರೆ ಜಾಲರಿ ತೆರೆಯನ್ನು. ಎಂಟು ಮೂಲೆಯ ನಕ್ಷತ್ರಗಳು, ಅವನ್ನು ಹೆಣೆಯುವ ಗೆರೆಗಳು, ಎಲ್ಲವೂ ಲೇಸರ್‌ನಲ್ಲಿ ಕೊರೆದ ಲೋಹದ ಹಾಳೆಯಲ್ಲಿ. ಸ್ಕ್ರೀನ್ ಮೇಲೆ ನೋಡಿದವರೆಲ್ಲ ಭೇಷ್ ಅಂದರು. ಸಮಕಾಲೀನ ಇಸ್ಲಾಮಿ ವಾಸ್ತುಶಿಲ್ಪ ಅಂದರೆ ಇಷ್ಟೇ ಅಂತ ನಾನೂ ನಂಬಿದ್ದೆ.

ಎಡವಿದ್ದು ನೆಲದಲ್ಲಿ. ಹೊಸ ಹಾಲನ್ನು ರಸ್ತೆಗೆ ನೇರವಾಗಿ ಕೂರಿಸಿದ್ದೆ. ಹಳೆಯ ಮಸೀದಿಯ ಕಿಬ್ಲಾ ಗೋಡೆ, ಅಂದರೆ ನಮಾಜಿಗೆ ಮುಖ ಮಾಡುವ ಮೆಕ್ಕಾ ದಿಕ್ಕಿನ ಗೋಡೆ, ಮಾತ್ರ ರಸ್ತೆಗೆ ಓರೆಯಾಗಿತ್ತು. ಜಮಖಾನ ಓರೆಯಾಗಿ ಹಾಸಿಕೊಂಡರಾಯಿತು ಅನ್ನುವುದು ನನ್ನ ಲೆಕ್ಕ. ಕಂಬಗಳ ಜಾಗಕ್ಕೆ ಸುಣ್ಣದ ಪುಡಿ ಹಾಕಿದ ದಿನ ಸಮಿತಿಯ ಹಿರಿಯರೊಬ್ಬರು ದಾರದ ಉಂಡೆ ತರಿಸಿದರು. ನಾಲ್ಕು ನಾಲ್ಕು ಅಡಿಗೊಂದರಂತೆ ಸಫ್, ಅಂದರೆ ನಮಾಜಿಗೆ ನಿಲ್ಲುವ ಸಾಲು, ದಾರದಲ್ಲಿ ಎಳೆಸುತ್ತಾ ಹೋದರು. ಏಳನೇ ದಾರದ ಹೊತ್ತಿಗೆ ಮೂರು ಕಂಬ ಸಾಲುಗಳ ನಟ್ಟನಡುವೆ ನಿಂತಿದ್ದವು. ಮೂಲೆಗಳಲ್ಲಿ ಯಾರೂ ನಿಲ್ಲಲಾಗದ ತ್ರಿಕೋನಗಳು ಉಳಿದಿದ್ದವು. “ಇಲ್ಲಿ ನಿಂತವನು ಕಂಬಕ್ಕೆ ಹೆಗಲು ಕೊಡಬೇಕೇನ್ರೀ?” ಅಂದರು. ಹೆಗಲಿಗೆ ಹೆಗಲು ತಾಗಿಸಿ ನಿಲ್ಲುವ ಸಾಲು ಅದು. ನನ್ನ ಹತ್ತಿರ ಉತ್ತರವಿರಲಿಲ್ಲ.

ಹೆಚ್ಚು ನಾಚಿಕೆಯಾದದ್ದು ರಾತ್ರಿ, ಕಾಲೇಜಿನಲ್ಲಿ ಓದಿದ್ದು ನೆನಪಾದಾಗ. ಕೈರೋದ ಅಲ್ ಅಕ್ಮರ್ ಮಸೀದಿ, 1125ರದ್ದು. ಅದರ ಮುಂಭಾಗ ಬೀದಿಯ ಗೆರೆ ಹಿಡಿದಿದೆ, ಒಳಗಿನ ಅಂಗಳ ಕಿಬ್ಲಾದ ಗೆರೆ ಹಿಡಿದಿದೆ. ನಡುವಿನ ಓರೆಯನ್ನು ಮುಂಗೋಡೆಯ ದಪ್ಪವೇ ನುಂಗಿಕೊಂಡಿದೆ. ಇರಾನಿನ ಇಸ್ಫಹಾನ್‌ನ ಶಾಹ್ ಮಸೀದಿಯಲ್ಲಿ ಮೈದಾನದಿಂದ ಬಾಗಿಲು ದಾಟಿದವರು ಸುಮಾರು 45 ಡಿಗ್ರಿ ತಿರುಗಿ ಅಂಗಳಕ್ಕೆ ಇಳಿಯುತ್ತಾರೆ, ತಿರುಗಿದ್ದು ಗೊತ್ತೂ ಆಗುವುದಿಲ್ಲ. ಹೊಸದಕ್ಕೆ ಬಂದರೆ, ಢಾಕಾದಲ್ಲಿ ವಾಸ್ತುಶಿಲ್ಪಿ ಮರೀನಾ ತಬಸ್ಸುಮ್ ಕಟ್ಟಿದ ಬೈತ್ ಉರ್ ರೌಫ್ ಮಸೀದಿ. ಹೊರಗೊಂದು ಚೌಕ, ಅದರೊಳಗೆ ವೃತ್ತ, ವೃತ್ತದೊಳಗೆ 13 ಡಿಗ್ರಿ ತಿರುಗಿಸಿದ ಇನ್ನೊಂದು ಚೌಕ. ಸಂದುಗಳೆಲ್ಲ ಬೆಳಕು ಇಳಿಯುವ ಅಂಗಳಗಳಾಗಿವೆ. ಗುಮ್ಮಟವೂ ಇಲ್ಲ, ಮಿನಾರೂ ಇಲ್ಲ, ನನ್ನಂಥವರ ನಕ್ಷತ್ರಗಳೂ ಇಲ್ಲ. 2016ರಲ್ಲಿ ಅದಕ್ಕೆ ಆಗಾ ಖಾನ್ ವಾಸ್ತುಶಿಲ್ಪ ಪ್ರಶಸ್ತಿ ಬಂತು. ಇದನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದವನು ನಾನೇ.

ಪ್ಲಾನ್ ಮೊದಲಿಂದ ಬರೆದೆ. ಹೊರಗೋಡೆ ರಸ್ತೆಯ ಜೊತೆ ಉಳಿಯಿತು, ಹಾಲ್ ತಿರುಗಿತು. ನಡುವೆ ಸಿಕ್ಕ ಬೆಣೆಯಾಕಾರದ ಜಾಗದಲ್ಲಿ ಚಪ್ಪಲಿ ಗೂಡು, ನಮಾಜಿಗೆ ಮುಂಚೆ ಕೈಕಾಲು ಮುಖ ತೊಳೆಯುವ ವಜೂಖಾನೆ, ಮೆಟ್ಟಿಲು. ಕಂಬಗಳನ್ನೆಲ್ಲ ಅಂಚಿಗೆ ತಳ್ಳಿದ್ದರಿಂದ ತೊಲೆಗಳು ದಪ್ಪವಾದವು, ಸ್ಟ್ರಕ್ಚರಲ್ ಎಂಜಿನಿಯರ್ ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಹಳೆಯ ಗೋಡೆಗೆ ಹೊಸದನ್ನು ತಾಗಿಸದೆ ಎರಡಡಿ ಬಿಟ್ಟು ಮೇಲೆ ಗಾಜು ಹಾಕಿದೆವು. ಸೇರಿಸಿದ ಭಾಗ ಹಳೆಯದಕ್ಕೆ ಹೊಂದಿಕೊಳ್ಳಬೇಕು, ಆದರೆ ಹಳೆಯದರ ವೇಷ ಹಾಕಬಾರದು. ಹಳೆಯ ಸ್ಮಾರಕಗಳ ಸಂರಕ್ಷಣೆಗಾಗಿ ಬರೆದ 1964ರ ವೆನಿಸ್ ಸನ್ನದು ಹೇಳುವುದೂ ಹೆಚ್ಚುಕಡಿಮೆ ಇದನ್ನೇ.

ಹಳೆಯ ಗೋಡೆಯದು ಬೇರೆ ಕಥೆ. ಯಾವಾಗಲೋ ಬಳಿದ ಸಿಮೆಂಟ್ ಗಿಲಾವು ಒಳಗಿನ ತೇವವನ್ನು ಹಿಡಿದಿಟ್ಟು ಅಲ್ಲಲ್ಲಿ ಉಬ್ಬಿತ್ತು. ಮಿಹ್ರಾಬಿನ, ಅಂದರೆ ಕಿಬ್ಲಾ ಗೋಡೆಯ ಗೂಡಿನ, ಪಕ್ಕ ಅಂಗೈಯಗಲ ಕೆತ್ತಿಸಿ ನೋಡಿದರೆ ಅಡಿಯಲ್ಲಿ ಸುಣ್ಣದ ಗಾರೆ, ಅದರಲ್ಲೊಂದು ಬಳ್ಳಿಯ ಅಂಚು. ಮೇಸ್ತ್ರಿ ಉಳಿ ಕೆಳಗಿಟ್ಟು ಬ್ರಷ್ ಕೇಳಿದರು.

ಇಷ್ಟರಲ್ಲಿ ಯಾರೋ ಹುಡುಗ ಫೋನಿನಲ್ಲಿ ಕಿಬ್ಲಾ ನೋಡಿ, ಹಳೆಯ ಮಿಹ್ರಾಬೇ ತಪ್ಪು ಅಂದುಬಿಟ್ಟ. ಗಲಾಟೆಯೋ ಗಲಾಟೆ. ಫೋನನ್ನು ಕಬ್ಬಿಣದ ಸರಳುಗಳ ರಾಶಿಯ ಹತ್ತಿರ ಇಟ್ಟರೆ ಒಂದು ದಿಕ್ಕು, ನಾಲ್ಕು ಹೆಜ್ಜೆ ದೂರ ಇಟ್ಟರೆ ಇನ್ನೊಂದು. ಸರಿಯಾಗಿ ಸರ್ವೆ ಮಾಡಿಸಿದರೂ ಕೆಲವು ಡಿಗ್ರಿ ವ್ಯತ್ಯಾಸ ಬಂತು. ಹಳೆಯ ಮಸೀದಿಗಳಲ್ಲಿ ಇದು ಹೊಸದೇನಲ್ಲ, ಸ್ಪೇನಿನ ಕೊರ್ಡೊಬಾದ ದೊಡ್ಡ ಮಸೀದಿಯಂತೂ ಇಂದಿನ ಲೆಕ್ಕದ ದಿಕ್ಕಿಗಿಂತ ತುಂಬಾ ದಕ್ಷಿಣಕ್ಕೆ ವಾಲಿದೆ. ಅಳತೆಯ ಹಾಳೆಯನ್ನು ಇಮಾಮ್ ಸಾಹೇಬರ ಮುಂದಿಟ್ಟು ನಾನು ಸುಮ್ಮನಾದೆ. ಅದನ್ನು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಹಳೆಯ ಮಿಹ್ರಾಬನ್ನೇ ಹಿಡಿಯೋಣ ಅಂದರು, ಹೊಸ ಹಾಲಿನ ದಾರಗಳೂ ಅದಕ್ಕೇ ಕೂತವು.

ಜಾಲಿಯೂ ಕೊನೆಗೆ ಆಯಿತು. ವಜೂಖಾನೆಯ ಗಾಳಿಕಿಂಡಿಗೆ, ಎರಡಡಿ ಅಗಲ.