ನಿಕ್ಕಲ್ ತಂತಿಗೆ ಕಬ್ಬಿನ ಹಾಲಿನ ಅಂಗಡಿಯ ಐಸ್

"ಏನ್ರಿ ಸರ, ಮನ್ಯಾಗ ಲಗ್ನ ಐತೇನ್ರಿ? ದಿನಾ ಇಷ್ಟ್ ಐಸ್ ಒಯ್ಯಾಕತ್ತೀರಿ."

ಕಬ್ಬಿನ ಹಾಲಿನ ಅಂಗಡಿಯ ಕಾಕಾ ಕೇಳಿದಾಗ ಏನು ಹೇಳಬೇಕೋ ತಿಳಿಯಲಿಲ್ಲ. "ಇಲ್ರೀ ಕಾಕಾ, ತಂತಿ ಮಾಡಾಕ್ರಿ" ಅಂದೆ. ಅವರು ಒಮ್ಮೆ ಐಸ್ ನೋಡಿದರು, ಒಮ್ಮೆ ನನ್ನ ಮುಖ ನೋಡಿದರು. ಮತ್ತೆ ಗಾಣಕ್ಕೆ ಕಬ್ಬು ಕೊಟ್ಟರು.

ವಿಜಯಪುರದ ಏಪ್ರಿಲ್ ಬಿಸಿಲು. ಲ್ಯಾಬಿನಲ್ಲಿ ದ್ರಾವಣ ತಣ್ಣಗಿಡುವ ಚಿಲ್ಲರ್ ಯಂತ್ರ ಕೆಟ್ಟು ತಿಂಗಳಾಗಿತ್ತು. ನನಗೆ ಬೇಕಿದ್ದದ್ದು 5 ಡಿಗ್ರಿಯಲ್ಲಿರುವ ಆಕ್ಸಾಲಿಕ್ ಆಮ್ಲ. ಅದರಲ್ಲಿ ಶುದ್ಧ ಅಲ್ಯೂಮಿನಿಯಂ ಹಾಳೆ ಮುಳುಗಿಸಿ 40 ವೋಲ್ಟ್ ಕೊಟ್ಟರೆ ಮೇಲೆ ಆಕ್ಸೈಡ್ ಪದರ ಬೆಳೆಯುತ್ತದೆ. ಆ ಪದರದ ತುಂಬ ಸಣ್ಣ ಸಣ್ಣ ತೂತು, ಒಂದರಿಂದ ಇನ್ನೊಂದಕ್ಕೆ ಸುಮಾರು 100 ನ್ಯಾನೊಮೀಟರ್ (ಒಂದು ನ್ಯಾನೊಮೀಟರ್ ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲು). ಒಂದು ಚದರ ಸೆಂಟಿಮೀಟರಿನಲ್ಲಿ 1,000 ಕೋಟಿಗೂ ಜಾಸ್ತಿ! ಈ ತೂತುಗಳೇ ನನ್ನ ನಿಕ್ಕಲ್ ತಂತಿಗಳಿಗೆ ಅಚ್ಚು. ಆದರೆ ಆಮ್ಲ ಬಿಸಿಯಾದರೆ ಕರೆಂಟ್ ಏರುತ್ತದೆ, ಕರೆಂಟ್ ಏರಿದರೆ ಇನ್ನೂ ಬಿಸಿ. ಕೊನೆಗೆ ಹಾಳೆ ಸುಟ್ಟು ಹೋಗುತ್ತದೆ. ನನ್ನ ಎರಡು ಹಾಳೆ ಹಾಗೇ ಹೋಗಿದ್ದವು.

ಮೊದಲ ಸಲ ತೂತುಗಳು ಅಡ್ಡಾದಿಡ್ಡಿ ಶುರುವಾಗುತ್ತವೆ. ಆಳಕ್ಕೆ ಇಳಿಯುತ್ತಾ ಜೇನುಗೂಡಿನ ಹಾಗೆ ಸಾಲಾಗುತ್ತವೆ. ಆ ಪದರ ಕರಗಿಸಿದರೆ ಕೆಳಗೆ ಗುಳಿಗಳು ಉಳಿಯುತ್ತವೆ. ಎರಡನೇ ಸಲ ಅದೇ ಗುಳಿಗಳಿಂದ ನೆಟ್ಟಗೆ ಬೆಳೆಸಬೇಕು. ಜಪಾನಿನ ಹಿಡೆಕಿ ಮಸುದಾ ಮತ್ತು ಜೊತೆಗಾರರು 1990ರ ದಶಕದಲ್ಲಿ ತೋರಿಸಿಕೊಟ್ಟ ಉಪಾಯ ಇದು. ಅಂದು ಸಂಜೆವರೆಗೂ ಬಕೆಟಿಗೆ ಐಸ್ ಸುರಿಯುತ್ತಾ ಕೂತೆ. ಹಾಳೆ ಸುಡಲಿಲ್ಲ.

ಆಮೇಲೆ ತಳದ ಅಲ್ಯೂಮಿನಿಯಂ ಕರಗಿಸಿದೆ. ತೂತಿನ ತಳ ತೆರೆಯಲು ಫಾಸ್ಫರಿಕ್ ಆಮ್ಲದಲ್ಲಿ ಇಟ್ಟೆ. ಒಂದು ಬದಿಗೆ ಚಿನ್ನದ ತೆಳು ಪದರ ಕೂರಿಸಿ, ನಿಕ್ಕಲ್ ಸಲ್ಫೇಟಿನ ಹಸಿರು ದ್ರಾವಣದಲ್ಲಿ ತೂತುಗಳ ಒಳಗೆ ನಿಕ್ಕಲ್ ತುಂಬಿಸಿದೆ. ಕರೆಂಟ್ ತುಂಬ ಹೊತ್ತು ಒಂದೇ ಮಟ್ಟದಲ್ಲಿರುತ್ತದೆ. ಅದು ಮೇಲೇರಲು ಶುರುವಾಯಿತೆಂದರೆ ತಂತಿಗಳು ಬಾಯಿವರೆಗೆ ಬಂದವು ಅಂತ ಲೆಕ್ಕ. ಅದು ಏರಿದಾಗ ಆದ ಖುಷಿ, ಹೇಳಬಾರದು.

ಬೆಂಗಳೂರಿನಲ್ಲಿ ತಂತಿಗಳ ಕಾಂತತ್ವ ಅಳೆಸಿದಾಗ ಖುಷಿ ಇಳಿಯಿತು. ಉದ್ದನೆಯ ತೆಳು ತಂತಿಯ ಕಾಂತತ್ವ ಸೂಜಿಯ ಹಾಗೆ ಉದ್ದಕ್ಕೇ ಮಲಗಲು ಇಷ್ಟಪಡುತ್ತದೆ. ತಂತಿಯ ಉದ್ದಕ್ಕೆ ಒಂದು ಥರದ ಹಿಸ್ಟೆರಿಸಿಸ್ ಲೂಪ್ (ಹೊರಗಿನ ಕಾಂತಕ್ಷೇತ್ರ ಏರಿಳಿಸಿದಾಗ ತಂತಿಯ ಕಾಂತತ್ವ ಹೇಗೆ ಬದಲಾಗುತ್ತದೆ ಅಂತ ತೋರಿಸುವ ಗೆರೆ), ಅಡ್ಡಕ್ಕೆ ಇನ್ನೊಂದು ಥರ ಬರಬೇಕು. ನನ್ನವು ಅಣ್ಣತಮ್ಮಂದಿರ ಹಾಗೆ ಹೆಚ್ಚುಕಡಿಮೆ ಒಂದೇ ಇದ್ದವು. ಸ್ಯಾಂಪಲ್ ಯಾರೋ ತಪ್ಪಾಗಿ ಕೂರಿಸಿದ್ದಾರೆ ಅಂತ ಬೈದುಕೊಂಡೇ ಊರಿಗೆ ಬಂದೆ.

ಗೈಡ್ ಒಂದೇ ಮಾತು ಕೇಳಿದರು. "ತೂತು ಎಷ್ಟು ಅಗಲ ಆಗ್ಯಾವ?"

ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡಿದರೆ 60 ನ್ಯಾನೊಮೀಟರ್! ನಾನು ಅಂದುಕೊಂಡದ್ದು 40. ಫಾಸ್ಫರಿಕ್ ಆಮ್ಲವನ್ನು 30 ಡಿಗ್ರಿಯಲ್ಲಿ ಇಡಬೇಕಿತ್ತು. ನಾನು ಟೇಬಲ್ ಮೇಲೆ ಸುಮ್ನೆ ಇಟ್ಟಿದ್ದೆ. ಕೋಣೆಯ ಸೆಕೆಗೆ ಅದು ತೂತುಗಳ ಗೋಡೆಯನ್ನೂ ಬೇಗ ಬೇಗ ತಿಂದಿತ್ತು. 100ರ ಅಂತರದಲ್ಲಿ 60 ಅಗಲದ ತೂತು ಅಂದರೆ ಪದರದ ವಿಸ್ತೀರ್ಣದಲ್ಲಿ ಸುಮಾರು ಮೂರರಲ್ಲಿ ಒಂದು ಭಾಗ ನಿಕ್ಕಲ್ಲೇ. ಅಷ್ಟು ಒತ್ತೊತ್ತಾಗಿ ನಿಂತ ತಂತಿಗಳು ಒಂದರ ಮೇಲೊಂದು ಕಾಂತಕ್ಷೇತ್ರ ಬೀರಿ, ಉದ್ದಕ್ಕೆ ಮಲಗುವ ಒಲವನ್ನೇ ಅಳಿಸಿಬಿಡುತ್ತವೆ. ಒಂದು ಆಮ್ಲಕ್ಕೆ ದಿನವಿಡೀ ಐಸ್ ಹೊತ್ತವನಿಗೆ ಇನ್ನೊಂದು ಆಮ್ಲಕ್ಕೂ ಸೆಕೆ ಆಗುತ್ತದೆ ಅಂತ ಹೊಳೆಯಲೇ ಇಲ್ಲ ನೋಡಿ.

ಈಗ ಆ ಬೀಕರನ್ನೂ ನೀರಿನ ಬುಟ್ಟಿಯಲ್ಲಿಟ್ಟು, ಥರ್ಮಾಮೀಟರ್ ನೋಡುತ್ತಾ ಐಸಿನ ಚೂರು ಹಾಕುತ್ತೇನೆ. ಕಾಕಾ ಲಗ್ನದ ಮಾತು ಬಿಟ್ಟಿದ್ದಾರೆ. ನನ್ನನ್ನು ಕಂಡ ಕೂಡಲೇ ಒಳಗಿನ ಹುಡುಗನಿಗೆ ಕೂಗುತ್ತಾರೆ: "ಏ, ತಂತಿ ಸರ ಬಂದ್ರು, ಐಸ್ ಒಡಿ!"